ಆ ಪಾಠ ಬರೆದದ್ದು ಯಾರಿಗೆ?

ಪೈಥಾನ್ ಕಲಿಯಲು ಹೊರಟ ಮಕ್ಕಳಿಗೆ, ಬೆಂಗಳೂರಲ್ಲಿ ಕೆಲಸದಲ್ಲಿರುವ ಅಣ್ಣನೋ ಚಿಕ್ಕಪ್ಪನ ಮಗನೋ ಒಂದು ಬುದ್ಧಿಮಾತು ಹೇಳಿಯೇ ಇರುತ್ತಾನೆ: "ಅಲ್ಲಿ ಇಲ್ಲಿ ವಿಡಿಯೊ ನೋಡ್ಕೊಂಡು ಕೂರಬೇಡ. ಅಫಿಶಿಯಲ್ ಟ್ಯುಟೋರಿಯಲ್ ಓದು, ಭಾಷೆ ಮಾಡಿದವನೇ ಬರೆದಿದ್ದು ಅದು." ಮಾತು ಸುಳ್ಳಲ್ಲ. ಹಾಸನದ ಕಡೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಬಿಸಿಎ ಮೊದಲ ವರ್ಷದವರಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಆ ಟ್ಯುಟೋರಿಯಲ್ ತೆರೆದವರು ಮೊದಲು ಹಿಗ್ಗಿಕೊಂಡೇ ಬರುತ್ತಾರೆ. 2 + 2 ಎಂದು ಟೈಪಿಸಿದರೆ 4 ಎಂದು ಉತ್ತರ ಬರುತ್ತದಲ್ಲ, ಇಷ್ಟೇನಾ ಎನಿಸುತ್ತದೆ. ಅದೇ ಅಧ್ಯಾಯದ ಕೊನೆ ಮುಟ್ಟುವಷ್ಟರಲ್ಲಿ ಮುಖ ಸಪ್ಪಗಾಗಿರುತ್ತದೆ.

ಕೊನೆಯಲ್ಲಿರುವುದು ಫಿಬೊನಾಚಿ ಸರಣಿ. ಹಿಂದಿನ ಎರಡು ಸಂಖ್ಯೆ ಕೂಡಿಸಿದರೆ ಮುಂದಿನದು: 0, 1, 1, 2, 3, 5, 8. ಲೆಕ್ಕ ಸುಲಭ, ಬರೆದ ರೀತಿ ಹಾಗಿಲ್ಲ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಅಕ್ಷರದಲ್ಲೂ ಇಡಬಹುದು, ಇಲ್ಲೂ ಹಾಗೇ ಬರೆಯುತ್ತೇನೆ. ಮೊದಲು ಹೀಗೊಂದು ಸಾಲು:

ಅ, ಬ = 0, 1

ಆಮೇಲೆ ವೈಲ್ ಎಂಬ ಆವರ್ತನೆಯ ಒಳಗೆ ಮತ್ತೆ ಮತ್ತೆ ನಡೆಯುವ ಸಾಲು:

ಅ, ಬ = ಬ, ಅ + ಬ

ಸಿ ಭಾಷೆ ಬಲ್ಲವರಿಗೆ ಇದು ಸಕ್ಕರೆ. ಸಿಯಲ್ಲಾದರೆ ಹಳೆಯ ಬೆಲೆ ಅಳಿಸಿಹೋಗದಂತೆ ಮೂರನೆಯ ಹೆಸರಿನಲ್ಲಿ ಅದನ್ನು ಎತ್ತಿಟ್ಟುಕೊಳ್ಳಬೇಕು. ಪೈಥಾನ್ ಬಲಗಡೆಯದನ್ನೆಲ್ಲ ಮೊದಲು ಲೆಕ್ಕ ಹಾಕಿ ಮುಗಿಸಿ, ಆಮೇಲೆ ಎಡಗಡೆಯ ಎರಡಕ್ಕೂ ಹಂಚುತ್ತದೆ. ಇದೇ ಕೆಲಸವನ್ನು ಎರಡು ಸಾಲಾಗಿ, ಮೊದಲು ಅ = ಬ, ನಂತರ ಬ = ಅ + ಬ ಎಂದು ಬರೆದುನೋಡಿ; 0, 1, 2, 4, 8 ಎಂದು ಇಮ್ಮಡಿಯಾಗುತ್ತ ಹೋಗುತ್ತದೆಯೇ ಹೊರತು ಫಿಬೊನಾಚಿ ಬರುವುದಿಲ್ಲ. ಆ ಒಂದೇ ಸಾಲಿನಲ್ಲಿ ಇಷ್ಟೆಲ್ಲ ಅಡಗಿದೆ.

ನನ್ನ ತರಗತಿಯ ಹುಡುಗಿಯೊಬ್ಬಳು ಅದನ್ನು ನೋಡಿದ್ದೇ ನೋಟ್‌ಬುಕ್ ತೆಗೆದು, ಬೀಜಗಣಿತದ ಜೋಡಿ ಸಮೀಕರಣದಂತೆ ಬಿಡಿಸಿಬಿಟ್ಟಳು. "ಅ ಅಂದ್ರೆ ಬ, ಬ ಅಂದ್ರೆ ಅ + ಬ. ಹಾಗಾದ್ರೆ ಎರಡೂ ಸೊನ್ನೆನೇ ಅಲ್ವಾ ಮೇಡಂ?" ಹೈಸ್ಕೂಲಿನ ಗಣಿತದ ಪ್ರಕಾರ ಅವಳ ಉತ್ತರಕ್ಕೆ ಪೂರ್ತಿ ಅಂಕ ಕೊಡಬೇಕು. ಇಲ್ಲಿ = ಅಂದರೆ ಸಮ ಎಂದಲ್ಲ, 'ಬಲಗಡೆಯದನ್ನು ಎಡಗಡೆಯ ಹೆಸರಿನಲ್ಲಿ ಇಡು' ಎಂಬ ಅಪ್ಪಣೆ ಎನ್ನುವುದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಇದಕ್ಕೆ ಮುಂಚೆ ಕಲಿತವರಿಗೆ ಗೊತ್ತಿರುತ್ತದೆ ಎಂದುಕೊಂಡು ಟ್ಯುಟೋರಿಯಲ್ ಸರಸರನೆ ಸಾಗುತ್ತದೆ.

ಹಾಗೆ ನೋಡಿದರೆ ಸುಲಭವಾಗಿ ಕಾಣುವ ಮೊದಲ ಪುಟಗಳೂ ಹೊಸಬರಿಗೆ ಬರೆದವಲ್ಲ. 8 / 5 ಎಂದರೆ 1.6 ಬರುತ್ತದೆ ಎಂದು ಅಲ್ಲಿ ತೋರಿಸುತ್ತಾರೆ. ನಮ್ಮ ಮಕ್ಕಳು "ಮತ್ತಿನ್ನೇನು ಬರುತ್ತೆ?" ಎಂದು ನಗುತ್ತಾರೆ. ಬೆಚ್ಚುವವನು ಸಿ ಬಲ್ಲವನು, ಅವನ ಭಾಷೆಯಲ್ಲಿ ಅದೇ ಭಾಗಾಕಾರಕ್ಕೆ ಉತ್ತರ 1. ಮುಂದಿನ ಅಧ್ಯಾಯದಲ್ಲಿ ಫಾರ್ ಆವರ್ತನೆಯ ಪರಿಚಯ ಶುರುವಾಗುವುದೇ ಸಿ ಮತ್ತು ಪ್ಯಾಸ್ಕಲ್‌ಗಿಂತ ಇದು ಹೇಗೆ ಬೇರೆ ಎಂಬಲ್ಲಿಂದ. ನಮ್ಮ ಅತ್ತೆ ಸಂಗೀತ ಪಾಠ ಹೇಳುತ್ತಾರೆ. ಹಿಂದೂಸ್ತಾನಿ ಕಲಿತು ಬಂದವರಿಗೆ "ಮಾಯಾಮಾಳವಗೌಳ ಅಂದ್ರೆ ನಿಮ್ಮ ಭೈರವದ ಸ್ವರಗಳೇ" ಎಂದರೆ ಒಂದು ವಾರದ ಪಾಠ ಉಳಿಯುತ್ತದಂತೆ. ಸರಳೆ ವರಸೆಗೆ ಕೂತ ಆರು ವರ್ಷದ ಮಗುವಿಗೆ ಅದೇ ಮಾತು ಹೇಳಿದರೆ ಏನು ಬಂತು?

ಇದು ಹೀಗಾದದ್ದಕ್ಕೆ ಚರಿತ್ರೆ ಇದೆ. ಗೀಡೋ ವಾನ್ ರೋಸಮ್ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯೂಐ ಸಂಶೋಧನಾ ಸಂಸ್ಥೆಯಲ್ಲಿದ್ದವರು. 1989ರ ಕ್ರಿಸ್‌ಮಸ್ ರಜೆಯಲ್ಲಿ ಪೈಥಾನ್ ಶುರುಮಾಡಿ 1991ರಲ್ಲಿ ಹೊರಬಿಟ್ಟರು. ಅದಕ್ಕೂ ಮೊದಲು ಅವರು ದುಡಿದದ್ದು ಎಬಿಸಿ ಎಂಬ ಭಾಷೆಯ ಮೇಲೆ. ಅದು ಹೊಸಬರಿಗೆಂದೇ ಹುಟ್ಟಿದ್ದು. ಪೈಥಾನ್ ಸಾಲುಗಳನ್ನು ಒಳಸರಿಸಿ ಬರೆಯುವ ಪದ್ಧತಿ ಬಂದದ್ದೂ ಅಲ್ಲಿಂದಲೇ. ಆದರೆ ಹೊಸ ಭಾಷೆಯನ್ನು ಮೊದಲು ಕೈಗೆತ್ತಿಕೊಳ್ಳುವವರು ಸುತ್ತಮುತ್ತಲಿನ ಯೂನಿಕ್ಸ್ ಮಂದಿ, ಸಿ ಬರೆಯುವವರು. ಟ್ಯುಟೋರಿಯಲ್ ಅವರ ಜತೆ ಮಾತಾಡಿತು. 1995ರಲ್ಲಿ ಅದು ಸಂಸ್ಥೆಯ ತಾಂತ್ರಿಕ ವರದಿಯಾಗಿಯೂ ಬಂತು. 1999ರಲ್ಲಿ ಗೀಡೋ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ಮುಂದೆ 'ಎಲ್ಲರಿಗೂ ಪ್ರೋಗ್ರಾಮಿಂಗ್' ಎಂಬ ಯೋಜನೆ ಇಟ್ಟರು. ಭಾಷೆ ಶಾಲೆಗಳಿಗೂ ಹೋಯಿತು, ಈ ಹಳೆಯ ಪಾಠ ಮಾತ್ರ ಹೆಚ್ಚುಕಡಿಮೆ ತನ್ನ ಹಳೆಯ ಓದುಗನನ್ನೇ ಎದುರಿಗೆ ಕೂರಿಸಿಕೊಂಡಿದೆ.

ಹಾಗಾದರೆ ಅದನ್ನು ತಿದ್ದಿ ಹೊಸಬರಿಗೆ ಸುಲಭ ಮಾಡಬೇಕೆ? ಬೇಡ ಎನ್ನುವವರ ಕಡೆ ನಾನು. ಮೇಡಂ ಆಗಿ ಹೀಗೆನ್ನುವುದು ವಿಚಿತ್ರ ಅನಿಸಬಹುದು. ಒಂದೇ ಪಾಠ ಇಬ್ಬರಿಗೂ ಒದಗುವುದಿಲ್ಲ. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್, ಸ್ಲಾವಾ ಕಲ್ಯುಗಾ ಮತ್ತು ಸಂಗಡಿಗರು 2003ರ ಒಂದು ಪ್ರಬಂಧದಲ್ಲಿ ಇದನ್ನೇ ವಿವರಿಸಿದ್ದಾರೆ: ಹೊಸಬರಿಗೆ ಊರುಗೋಲಾಗುವ ವಿವರಣೆ ಬಲ್ಲವರಿಗೆ ಬರೀ ನಿರುಪಯೋಗಿಯಲ್ಲ, ಅವರ ಕಲಿಕೆಗೆ ಅಡ್ಡಿಯೂ ಆಗಬಲ್ಲದು. ಗೊತ್ತಿದ್ದದ್ದನ್ನೇ ಓದಿ, ಅದನ್ನು ತನಗೆ ಗೊತ್ತಿರುವುದರ ಜತೆ ಹೊಂದಿಸಿ ನೋಡುವುದರಲ್ಲೇ ತಲೆ ದಣಿಯುತ್ತದೆ.

ಇನ್ನೊಂದು, 'ಹೊಸಬ' ಅಂದರೆ ಎಷ್ಟು ಹೊಸಬ? ನನ್ನ ತರಗತಿಯಲ್ಲಿ ಮೊದಲ ಎಡವಟ್ಟು ಪ್ರೋಗ್ರಾಮಿನದ್ದಲ್ಲ. ಟ್ಯುಟೋರಿಯಲ್ಲಿನ ಉದಾಹರಣೆಗಳ ಮುಂದೆ >>> ಎಂದು ಮೂರು ಬಾಣದ ಗುರುತಿರುತ್ತದೆ. ಅದು 'ಈಗ ನೀವು ಬರೆಯಿರಿ' ಎಂದು ಪೈಥಾನ್ ತಾನೇ ತೋರಿಸುವ ಗುರುತು. ಮಕ್ಕಳು ಅದನ್ನೂ ಶ್ರದ್ಧೆಯಿಂದ ಟೈಪಿಸಿ, ತಪ್ಪು ಎಂದು ಬಂದಾಗ ಕೆಂಪು ಅಕ್ಷರ ನೋಡಿ ಗಾಬರಿಯಾಗುತ್ತಾರೆ. ಫೋನಿನಲ್ಲೇ ಬೆಳೆದವರಿಗೆ ಫೋಲ್ಡರ್ ಅಂದರೇನು ಎನ್ನುವುದೇ ಹೊಸದು. "ಸೇವ್ ಮಾಡಿದೆ ಮೇಡಂ, ಎಲ್ಲಿ ಹೋಯ್ತೋ ಗೊತ್ತಿಲ್ಲ" ಎನ್ನುತ್ತಾರೆ. ಕೆಲವರು ಪ್ರೋಗ್ರಾಮನ್ನು ವರ್ಡ್‌ನಲ್ಲಿ ಬರೆದು ತರುತ್ತಾರೆ, ಅಲ್ಲಿನ ಬಾಗಿದ ಉದ್ಧರಣ ಚಿಹ್ನೆ ಪೈಥಾನ್‌ಗೆ ಒಗ್ಗುವುದಿಲ್ಲ. ಇದನ್ನೆಲ್ಲ ಹೇಳಲು ಹೊರಟರೆ ಪೈಥಾನ್ ಶುರುವಾಗುವುದು ಐವತ್ತನೆಯ ಪುಟಕ್ಕೆ.

ಅಂಥ ಪಾಠಗಳು ಬೇರೆಯೇ ಇವೆ, ಇರಬೇಕು. 2014ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಜ್ಯಾಂಗೊ ಗರ್ಲ್ಸ್ ಕಾರ್ಯಾಗಾರದವರ ಪಾಠ, ಇಂಟರ್ನೆಟ್ ಹೇಗೆ ನಡೆಯುತ್ತದೆ ಎಂಬಲ್ಲಿಂದ ಶುರುವಾಗಿ, ಕಮಾಂಡ್ ಲೈನ್ ದಾಟಿ, ಆಮೇಲೆ ಪೈಥಾನ್‌ಗೆ ಕೈಹಾಕುತ್ತದೆ. ಅಧಿಕೃತ ಪಾಠದಿಂದ ನಾನು ಕೇಳುವುದು ಇಷ್ಟೇ: ನಿನ್ನ ಓದುಗ ಯಾರು ಎಂದು ಮೊದಲ ಪುಟದಲ್ಲೇ ಹೇಳು. 1978ರ ಸಿ ಪುಸ್ತಕದ ಮುನ್ನುಡಿಯಲ್ಲೇ ಕರ್ನಿಹನ್ ಮತ್ತು ರಿಚಿ ಇದು ಪ್ರೋಗ್ರಾಮಿಂಗಿನ ಮೊದಲ ಪಾಠವಲ್ಲ ಎಂದು ತಿಳಿಸಿದ್ದರು. ರಸ್ಟ್ ಭಾಷೆಯ ಅಧಿಕೃತ ಪುಸ್ತಕವೂ ಯಾವುದಾದರೂ ಒಂದು ಭಾಷೆಯಲ್ಲಿ ಕೋಡ್ ಬರೆದಿದ್ದೀರಿ ಎಂದುಕೊಂಡೇ ಹೊರಡುತ್ತದೆ, ಹಾಗೆಂದು ಹೇಳಿಯೂ ಬಿಡುತ್ತದೆ. ಪೈಥಾನ್ ಟ್ಯುಟೋರಿಯಲ್ಲಿನ ಆರಂಭದಲ್ಲೂ ಇತ್ತೀಚೆಗೆ ಅಂಥ ಮಾತು ಸೇರಿದೆ: ಇದು ಪೈಥಾನ್‌ಗೆ ಹೊಸಬರಾದ ಪ್ರೋಗ್ರಾಮರುಗಳಿಗೆ, ಪ್ರೋಗ್ರಾಮಿಂಗಿಗೇ ಹೊಸಬರಾದವರಿಗಲ್ಲ. ತಡವಾಯಿತು, ಆದರೆ ಆಯಿತು. ತನಗೆ ಬುದ್ಧಿ ಸಾಲದು ಎಂದುಕೊಂಡು ಎಷ್ಟು ಮಕ್ಕಳು ಆ ಪುಟ ಮುಚ್ಚಿದರೋ.

ಹೊಸಬರ ಮೇಲಿನ ಕರುಣೆಯನ್ನು ಪಾಠಕ್ಕಿಂತ ಭಾಷೆಯಲ್ಲೇ ತೋರಿಸುವುದು ಮೇಲು ಎಂದು ನನಗೆ ಅನಿಸುತ್ತದೆ. ಕಲಿಯುವವರು ಟ್ಯುಟೋರಿಯಲ್‌ಗಿಂತ ಹೆಚ್ಚು ಓದುವುದು ತಪ್ಪಿನ ಸಂದೇಶಗಳನ್ನು. 2021ರ ಪೈಥಾನ್ 3.10ಕ್ಕೆ ಮುಂಚೆ ಸಾಲಿನ ಕೊನೆಯ ಕೋಲನ್ ಮರೆತರೆ 'ವ್ಯಾಕರಣ ಸರಿಯಿಲ್ಲ' ಎಂದಷ್ಟೇ ಗದರುತ್ತಿತ್ತು. ಈಗ 'ಇಲ್ಲೊಂದು ಕೋಲನ್ ಬರಬೇಕಿತ್ತು' ಎನ್ನುತ್ತದೆ. ಹೆಸರಿನ ಕಾಗುಣಿತ ತಪ್ಪಿದರೆ 'ನೀವು ಹೇಳಹೊರಟಿದ್ದು ಇದನ್ನೇ?' ಎಂದು ಕೇಳುತ್ತದೆ. ಮೊದಲೆಲ್ಲ ಹೊರಬರಲು ಎಕ್ಸಿಟ್ ಎಂದು ಟೈಪಿಸಿದರೆ, 'ಹೊರಬರಲು ಎಕ್ಸಿಟ್ ಮುಂದೆ ಆವರಣ ಹಾಕಿ' ಎಂದು ಉಪದೇಶ ಕೊಟ್ಟು ಒಳಗೇ ಕೂರಿಸಿಕೊಳ್ಳುತ್ತಿತ್ತು. 2024ರ 3.13ರಿಂದ ಸುಮ್ಮನೆ ಹೊರಗೆ ಬಿಡುತ್ತದೆ.

ನಮ್ಮ ಮಕ್ಕಳಿಗೆ ಸಿ ಒಂದಿಷ್ಟು ಕೈಗೆ ಹತ್ತಿದ ಮೇಲೆ ಆ ಟ್ಯುಟೋರಿಯಲ್ ಕೊಡುತ್ತೇನೆ. ಆಗ ಅದೇ ಫಿಬೊನಾಚಿ ಸಾಲು ನೋಡಿ "ಅಯ್ಯೋ, ಇಷ್ಟು ಚಿಕ್ಕದಾ!" ಎನ್ನುತ್ತಾರೆ. ಒಂಬತ್ತನೆಯ ಅಧ್ಯಾಯದವರೆಗೂ ತಕರಾರಿಲ್ಲ. ಅಲ್ಲಿ ಪೈಥಾನ್‌ನ ಕ್ಲಾಸ್ ವ್ಯವಸ್ಥೆಯು ಸಿ++ ಮತ್ತು ಮಾಡ್ಯುಲಾ-3 ಎರಡರ ಬೆರಕೆ ಎಂದು ಪರಿಚಯಿಸಿದ್ದಾರೆ. ಮಾಡ್ಯುಲಾ-3 ಬಲ್ಲ ಒಬ್ಬರನ್ನೂ ನಾನು ಇದುವರೆಗೆ ಕಂಡಿಲ್ಲ. ಆ ಒಂದು ವಾಕ್ಯ ತೆಗೆದರೆ ಹಳಬರೂ ಬೇಸರಪಡಲಾರರು.