ಗಾಬಲ್ಡಿಗೂಕ್

ಅರ್ಥವು ತಿಳಿಯುವುದಕ್ಕೆ ಮೊದಲೇ ಕೇಳಿದವರಿಗೆ ನಗೆಯನ್ನು ತರತಕ್ಕ ಪದಗಳು ಆಂಗ್ಲ ಭಾಷೆಯಲ್ಲಿ ಹಲವುಂಟು. 'ಗಾಬಲ್ಡಿಗೂಕ್' ಎಂಬುದು ಅವುಗಳಲ್ಲೊಂದು. ಮಕ್ಕಳೆದುರಿಗೆ ಒಮ್ಮೆ ಉಚ್ಚರಿಸಿದರೆ ಸಾಕು, ಅಂದೆಲ್ಲ ಮನೆಯಲ್ಲಿ ಅದರದೇ ಜಪ. ಆದರೆ ಈ ಪದವು ಹುಟ್ಟಿದ್ದು ಮಕ್ಕಳಾಟದಿಂದಲ್ಲ. ಎರಡನೆಯ ಮಹಾಯುದ್ಧದ ನಡುವೆ, ಒಬ್ಬ ಅಧಿಕಾರಿಯ ಸಿಟ್ಟಿನಿಂದ.

ಅಮೆರಿಕಾ ದೇಶದ ಟೆಕ್ಸಸ್ ಪ್ರಾಂತದ ಮೌರಿ ಮ್ಯಾವರಿಕ್ ಎಂಬವರು 1944ರಲ್ಲಿ, ಸಣ್ಣ ಕಾರ್ಖಾನೆಗಳಿಗೆ ಯುದ್ಧಸಾಮಗ್ರಿಯ ಕೆಲಸವನ್ನು ದೊರಕಿಸಿಕೊಡುವ ಸರ್ಕಾರಿ ಸಂಸ್ಥೆಗೆ ಅಧ್ಯಕ್ಷರಾಗಿದ್ದರು. ಕಚೇರಿಯ ಕಾಗದಗಳಲ್ಲಿಯೂ ಸಭೆಗಳಲ್ಲಿಯೂ ತುಂಬಿದ್ದ ಡಂಬದ ಮಾತುಗಳಿಂದ ಬೇಸತ್ತು, ಅವರು ತಮ್ಮ ಕೈಕೆಳಗಿನವರಿಗೆಲ್ಲ ಒಂದು ಸುತ್ತೋಲೆಯನ್ನು ಕಳುಹಿಸಿದರು: ಚಿಕ್ಕದಾಗಿ ಬರೆಯಬೇಕು, ಹೇಳುವುದೇನೆಂಬುದನ್ನು ಹೇಳಬೇಕು, 'ಆಕ್ಟಿವೇಷನ್', 'ಇಂಪ್ಲಿಮೆಂಟೇಷನ್' ಎಂಬ ಪದಗಳನ್ನು ಬಳಸಿದವರಿಗೆ ಗುಂಡಿಕ್ಕಲಾಗುವುದು! ಬೇಡವಾದ ಆ ಭಾಷೆಗೆ ಅವರಿಟ್ಟ ಹೆಸರೇ ಗಾಬಲ್ಡಿಗೂಕ್. ಹೆಸರು ಎಲ್ಲಿಂದ ಬಂದಿತೆಂದು ಜನರು ಕೇಳಿದಾಗ, ತಮ್ಮೂರಿನ ಕಡೆಯ ಟರ್ಕಿಕೋಳಿಯನ್ನು ಅವರು ನೆನಪಿಗೆ ತಂದುಕೊಂಡರು. ಆ ಹುಂಜವು ಎದೆಯುಬ್ಬಿಸಿ, ಗತ್ತಿನಿಂದ ಹೆಜ್ಜೆಯಿಡುತ್ತ, 'ಗಾಬಲ್ ಗಾಬಲ್' ಎಂದು ಕೂಗಿ, ಕೊನೆಯಲ್ಲಿ 'ಗೂಕ್' ಎನ್ನುವುದಂತೆ. ಈ ಮನೆತನಕ್ಕೆ ಪದಗಳ ಯೋಗವಿದ್ದಿತೆಂದೇ ಹೇಳಬೇಕು. ಇವರ ಅಜ್ಜ ಸ್ಯಾಮ್ಯುಯೆಲ್ ಮ್ಯಾವರಿಕ್ ತಮ್ಮ ದನಗಳಿಗೆ ಮುದ್ರೆಯ ಬರೆ ಹಾಕಿಸದೆ ಬಿಟ್ಟಿದ್ದರಿಂದ, ಯಾವ ಹಿಂಡಿಗೂ ಸೇರದೆ ನಡೆಯುವವನಿಗೆ 'ಮ್ಯಾವರಿಕ್' ಎಂಬ ಹೆಸರೇ ಆಂಗ್ಲದಲ್ಲಿ ನಿಂತಿತು.

ಗಾಬಲ್ಡಿಗೂಕ್ ಎಂದರೆ ಬರಿಯ ಅಸಂಬದ್ಧ ಪ್ರಲಾಪವೆಂದು ಕೆಲವರು ತಿಳಿಯುವುದುಂಟು. ಅಷ್ಟೇ ಆಗಿದ್ದರೆ ಅದರಿಂದ ಅಪಾಯವೇನೂ ಇರುತ್ತಿರಲಿಲ್ಲ. ಪ್ರಲಾಪಕ್ಕೆ ವ್ಯಾಕರಣವಿಲ್ಲ, ಇದಕ್ಕೆ ನಿರ್ದುಷ್ಟವಾದ ವ್ಯಾಕರಣವುಂಟು, ಗಾಂಭೀರ್ಯವುಂಟು, ಕೆಳಗೆ ಮೊಹರೂ ಉಂಟು. ಇಲ್ಲದಿರುವುದು ಒಂದೇ, ಓದುವವನು ಮಾಡಬೇಕಾದುದೇನೆಂಬ ತಿಳಿವು. 1942ರಲ್ಲಿ ವಿಮಾನದಾಳಿಯ ಭಯವಿದ್ದಾಗ, ಸರ್ಕಾರಿ ಕಟ್ಟಡಗಳ ಬೆಳಕು ಹೊರಗೆ ಕಾಣದಂತೆ ಮಾಡುವ ಬಗ್ಗೆ ಒಂದು ಆಜ್ಞೆ ಹೊರಟಿತು. ಅದರ ವಾಕ್ಯಗಳ ಸುತ್ತುಬಳಸನ್ನು ಕಂಡ ಅಧ್ಯಕ್ಷ ರೂಸ್‌ವೆಲ್ಟರು ಅದನ್ನೇ ತಿದ್ದಿ ಹೇಳಿದರು: ಕೆಲಸ ನಡೆಯಲೇಬೇಕಾದ ಕಟ್ಟಡಗಳಲ್ಲಿ ಕಿಟಕಿಗಳಿಗೆ ಏನಾದರೂ ಅಡ್ಡ ಹಾಕಿರಿ, ನಿಲ್ಲಿಸಬಹುದಾದ ಕಡೆ ದೀಪ ಆರಿಸಿರಿ. ಬಾಂಬು ಬೀಳುವ ವೇಳೆಯಲ್ಲಿ ನಿಘಂಟನ್ನು ಹುಡುಕುತ್ತ ಕುಳಿತುಕೊಳ್ಳಲು ಯಾರಿಂದಾದೀತು?

ಬ್ರಿಟನ್ನಿನಲ್ಲಿ ಸರ್ ಅರ್ನೆಸ್ಟ್ ಗೋವರ್ಸರು ಅಲ್ಲಿನ ಖಜಾನೆ ಇಲಾಖೆಯ ಕೋರಿಕೆಯಂತೆ 1948ರಲ್ಲಿ 'ಪ್ಲೇನ್ ವರ್ಡ್ಸ್' ಎಂಬ ಪುಸ್ತಕವನ್ನು ಸರ್ಕಾರಿ ನೌಕರರಿಗಾಗಿ ಬರೆದರು. 1979ರಲ್ಲಿ ಕ್ರಿಸ್ಸಿ ಮೇಹರ್ ಎಂಬ ಮಹಿಳೆಯು ಪಾರ್ಲಿಮೆಂಟಿನ ಎದುರಿನ ಚೌಕದಲ್ಲಿ ಅರ್ಥವಾಗದ ಸರ್ಕಾರಿ ಅರ್ಜಿಗಳನ್ನು ಚೂರುಚೂರು ಮಾಡಿ ಚಳವಳಿ ಹೂಡಿದರು. ಅಮೆರಿಕದಲ್ಲಿಯಂತೂ 2010ರಲ್ಲಿ, ತಿಳಿಯುವಂತೆ ಬರೆಯಬೇಕೆಂದು ಕಾಯಿದೆಯೇ ಆಯಿತು.

ನಮ್ಮ ರಾಜ್ಯದಲ್ಲಿ 1963ರ ಕಾಯಿದೆಯಿಂದ ಕನ್ನಡವು ಆಡಳಿತ ಭಾಷೆಯಾದುದು ಸಂತೋಷದ ಸಂಗತಿ. ಆದರೆ ಟರ್ಕಿಕೋಳಿಯು ಕನ್ನಡವನ್ನೂ ಕಲಿತುಕೊಂಡಿತು. 'ಸದರಿ ವಿಷಯವು ಪರಿಶೀಲನೆಯಲ್ಲಿದ್ದು, ನಿಯಮಾನುಸಾರ ಅಗತ್ಯ ಕ್ರಮವನ್ನು ಜರುಗಿಸಲಾಗುವುದು' ಎಂಬ ಮಾದರಿಯ ಉತ್ತರವನ್ನು ಹಿಡಿದುಕೊಂಡ ವಿಧವೆಯೊಬ್ಬಳು ತಿಳಿಯಬೇಕಾದುದೇನು? ಪರಿಶೀಲಿಸುವವರು ಯಾರು? ಎಂದಿಗೆ ಮುಗಿಯುವುದು? ಅವಳ ಪಿಂಚಣಿ ಬರುವುದೋ ಇಲ್ಲವೋ? 'ಲಾಗುವುದು' ಎಂಬ ಆ ಪ್ರತ್ಯಯದ ಹಿಂದೆ ಕರ್ತೃವು ಅಡಗಿ ಕುಳಿತಿದ್ದಾನೆ.

ಪದವನ್ನು ಬಳಸುವಲ್ಲಿ ಸ್ವಲ್ಪ ವಿವೇಚನೆ ಬೇಕು. ವೈದ್ಯರಿಬ್ಬರು ತಮ್ಮತಮ್ಮೊಳಗೆ ಆಡುವ ಶಾಸ್ತ್ರದ ಮಾತು ಗಾಬಲ್ಡಿಗೂಕ್ ಅಲ್ಲ. ಅದನ್ನೇ ರೋಗಿಯ ತಾಯಿಯ ಮುಂದೆ ಸುರಿದರೆ ಆದೀತು. ಇದು ಹಾಸ್ಯದ ಪದವಾದುದರಿಂದ ಗೆಳೆಯರ ಮಾತಿಗೂ ಪತ್ರಿಕೆಯ ಬರಹಕ್ಕೂ ಸಲ್ಲುವುದು. ಅರ್ಜಿಯಲ್ಲಿ ಬರೆದರೆ ಅರ್ಜಿ ಕೆಡುವುದು. ಅಲ್ಲಿ 'ತಮ್ಮ ಪತ್ರದ ಎರಡನೆಯ ವಾಕ್ಯವು ನಮಗೆ ತಿಳಿಯಲಿಲ್ಲ, ದಯಮಾಡಿ ಬಿಡಿಸಿ ಬರೆಯಿರಿ' ಎಂದು ಕೇಳುವುದೇ ಮೇಲು.

ಮ್ಯಾವರಿಕ್ಕರು ಗುಂಡಿಕ್ಕುವೆನೆಂದು ಹೆದರಿಸಿದ 'ಇಂಪ್ಲಿಮೆಂಟೇಷನ್' ಇಂದಿಗೂ ಜೀವದಿಂದಿದೆ; ನಮ್ಮಲ್ಲಿ ಅದಕ್ಕೆ 'ಅನುಷ್ಠಾನ'ವೆಂದು ಹೆಸರು. ಹಿಂದೆ ಮನೆಯ ಹಿರಿಯರು ಮುಂಜಾನೆ ಮಿಂದು, ಮಡಿಯುಟ್ಟು ಅನುಷ್ಠಾನಕ್ಕೆ ಕುಳಿತುಕೊಳ್ಳುತ್ತಿದ್ದರು. ಊಟದ ಹೊತ್ತಿಗೆ ಅವರಾದರೂ ಏಳುತ್ತಿದ್ದರು.