ಮತ್ತೆ ಹಳಿ ಜೋಡಿಸುವ ಮುನ್ನ

ಹಾನಗಲ್, ಶಿಗ್ಗಾಂವ, ಹಿರೇಕೆರೂರ ಊರುಗಳಿಗೆ ಇಂದಿಗೂ ರೈಲು ಬಂದಿಲ್ಲ. ಇಲ್ಲಿನ ಮಕ್ಕಳು ರೈಲು ನೋಡಬೇಕಾದರೆ ಹಾವೇರಿಗೋ, ಬ್ಯಾಡಗಿಗೋ, ಸವಣೂರು ತಾಲೂಕಿನ ಯಲವಿಗಿಗೋ ಹೋಗಬೇಕು. ಅಪರೂಪಕ್ಕೆ ಕಂಡದ್ದರ ಮೇಲೆಯೇ ಹಂಬಲ ಹೆಚ್ಚಲ್ಲವೇ? ಖಾಲಿ ಬೆಂಕಿಪೊಟ್ಟಣಗಳನ್ನು ದಾರದಲ್ಲಿ ಪೋಣಿಸಿ ರೈಲು ಎಳೆದವರು ನಿಮ್ಮಲ್ಲೂ ಇರಬಹುದು.

ಆ ಹುಚ್ಚು ನಲವತ್ತು ದಾಟಿದ ಮೇಲೆ ಮರಳುವುದುಂಟು. ನನಗೂ ಮರಳಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ತಂದು ಪಡಸಾಲೆಯ ಗೋಡೆಗೆ ಒತ್ತಿ ಇಟ್ಟಿದ್ದೆ. ಆಚೆ ಬದಿಯಲ್ಲಿ ಬೋಗಿ ಹಳಿ ತಪ್ಪಿದರೆ ಕೈ ಎಟುಕುತ್ತಿರಲಿಲ್ಲ. ಅಷ್ಟರಲ್ಲಿ ತಂಗಿಯ ಮದುವೆ ಬಂತು. ಹಲಗೆ ಅಟ್ಟ ಸೇರಿ ಗೆದ್ದಲಿನ ಪಾಲಾಯಿತು. ತಪ್ಪು ಮದುವೆಯದಲ್ಲ, ಮನೆಯನ್ನು ಅಳೆಯದೆ ಆಸೆಪಟ್ಟ ನನ್ನದು.

ಆದ್ದರಿಂದ ಪ್ರಿಯ ಓದುಗರೇ, ಅಂಗಡಿಗೆ ಹೋಗುವ ಮೊದಲು ಹಳೆಯ ಪತ್ರಿಕೆಗಳನ್ನು ಅಂಟಿಸಿ ಹಲಗೆಯಷ್ಟೇ ದೊಡ್ಡ ಹಾಳೆ ಮಾಡಿ. ಅದನ್ನು ಒಂದು ವಾರ ಅದೇ ಜಾಗದಲ್ಲಿ ಹಾಸಿಡಿ. ಮನೆಯವರು ಅದನ್ನು ದಾಟಲಾಗದೆ ಗೊಣಗಿದರೆ ಹಾಳೆಯನ್ನು ಕತ್ತರಿಸಿ ಚಿಕ್ಕದು ಮಾಡಿ. ಹಲಗೆ ಗೋಡೆಗೆ ತಾಗಿ ಇರುವುದಾದರೆ ಎರಡೂವರೆ ಅಡಿಗಿಂತ ಅಗಲ ಬೇಡ.

ನಂತರ ಅಳತೆಯ ಆಯ್ಕೆ. ಎಚ್‌ಒ ಅಳತೆಯ ಮಾದರಿ ನಿಜವಾದ ರೈಲಿನ 87ನೇ ಒಂದು ಪಾಲು, ಎನ್ ಅಳತೆಯದು 160ನೇ ಒಂದು ಪಾಲು. ಎಚ್‌ಒ ರೈಲು ಪೂರ್ತಿ ಸುತ್ತು ಹೊಡೆಯಲು ಸುಮಾರು ಮೂರೂವರೆ ಅಡಿ ಅಗಲ ಬೇಕು. ಎನ್ ರೈಲಿಗೆ ಎರಡು ಅಡಿ ಸಾಕು. ಒಂದರ ಮೇಲೊಂದು ರೈಲು ಹಾಯುವ ಸೇತುವೆಯ ಆಸೆಯೇ? ಎಚ್‌ಒ ಹಳಿ ಏಳೂವರೆ ಸೆಂಟಿಮೀಟರ್ ಮೇಲೇರಬೇಕು. ನೂರಕ್ಕೆ ಮೂರರ ಏರಿನಲ್ಲಿ ಅದಕ್ಕೇ ಎರಡೂವರೆ ಮೀಟರ್ ಉದ್ದ ಹೋಗುತ್ತದೆ.

ಎಲ್ಲವನ್ನೂ ಇದ್ದ ಹಾಗೆಯೇ ಮಾಡುವ ಹಟವೂ ಬೇಡ. 2023ರಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದೆ. ಎಚ್‌ಒ ಅಳತೆಗೆ ಇಳಿಸಿದರೂ ಅದು ಹದಿನೇಳು ಮೀಟರಿಗೂ ಹೆಚ್ಚು! ಪುಣೆಯಲ್ಲಿ ಜೋಶಿಯವರ ಪುಟ್ಟ ರೈಲುಗಳ ಸಂಗ್ರಹಾಲಯ 1998ರಲ್ಲಿ ತೆರೆಯಿತು. ಅಲ್ಲಿ ಒಂದು ಪಟ್ಟಣವೇ ಇದೆ. ಆದರೆ ಅದು ಸಂಗ್ರಹಾಲಯ, ನಮ್ಮದು ನಾಲ್ಕು ಜನ ಓಡಾಡುವ ಮನೆ.

ರೈಲು ಸುತ್ತಲೇಬೇಕೆಂದೇನೂ ಇಲ್ಲ. ಒಂದಡಿ ಅಗಲ, ಆರಡಿ ಉದ್ದದ ಹಲಗೆಯ ಮೇಲೆ ಚಿಕ್ಕ ನಿಲ್ದಾಣ, ಎರಡು ಕವಲು ಹಳಿ, ಒಂದು ಗೂಡ್ಸ್ ಶೆಡ್ ಸಾಕು. ನಾನು ಈಗ ಯೋಜಿಸಿರುವುದು ಇದನ್ನೇ. ನಮ್ಮ ಕಡೆಯ ಹಳಿ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಅದಕ್ಕೂ ಮುಂಚಿನ ಮೀಟರ್‌ಗೇಜ್ ಬೇಕೋ, ಈಗಿನದು ಬೇಕೋ ಎಂಬುದನ್ನು ಮೊದಲೇ ನಿರ್ಧರಿಸಿದರೆ ಬೇಡದ ಎಂಜಿನ್ ಕೊಳ್ಳುವುದು ತಪ್ಪುತ್ತದೆ. ಬ್ಯಾಡಗಿ ಮೆಣಸಿನಕಾಯಿ ಚೀಲಗಳ ವ್ಯಾಗನ್ನನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಸರಿಸುವುದರಲ್ಲೇ ಒಂದು ಸಂಜೆ ಕಳೆಯಬಹುದು.

ಈ ಸಲ ನಕ್ಷೆ ಬರೆಯುವಾಗ ಮಗಳನ್ನೂ ಪಕ್ಕಕ್ಕೆ ಕೂರಿಸಿಕೊಂಡೆ. "ಅಬ್ಬಾ, ಸ್ಟೇಷನ್ ಮಾಸ್ತರ್ ನಾನು" ಎಂದಳು. ಒಪ್ಪಿದೆ. ಮನೆಯವರೆಲ್ಲರಿಗೂ ಒಂದೊಂದು ಕೆಲಸವಿರುವ ರೈಲು ಅಟ್ಟ ಸೇರಲಾರದು.