ಪೆಸ್ಟ್ ಕಂಟ್ರೋಲ್ ಬುಕ್ ಮಾಡೋ ಮುಂಚೆ: ಮನೆಯಲ್ಲಿ ಗರ್ಭಿಣಿ ಇದ್ದಾರಾ?

ಕೀಟನಾಶಕ ಅಂದ್ರೆ ನಮಗೆ ಊರಿನ ಹೊಲ ನೆನಪಾಗುತ್ತೆ. ಆದರೆ ಪುಣೆ, ಹೈದರಾಬಾದಿನ ಫ್ಲ್ಯಾಟ್‌ನಲ್ಲಿ ಜಿರಳೆಗೆ, ಗೆದ್ದಲಿಗೆ ಹೊಡೆಸೋದೂ ಕೀಟನಾಶಕವೇ. ಅದಕ್ಕೇ ನಾನು ಇವತ್ತು ನ್ಯೂಯಾರ್ಕಿನ ಅಪಾರ್ಟ್‌ಮೆಂಟ್‌ಗಳ ವಿಷಯ ಹೇಳ್ತೀನಿ.

ಅಲ್ಲಿ ಜಿರಳೆಗೆ ಕ್ಲೋರ್‌ಪೈರಿಫಾಸ್ ಹೊಡೀತಿದ್ರು. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹೆರಿಗೆ ಸಮಯದಲ್ಲಿ ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದು ಎಷ್ಟಿದೆ ಅಂತ ಅಳೆದರು. ಹೆಚ್ಚಿದ್ದ ಮಕ್ಕಳಲ್ಲಿ 3ನೇ ವಯಸ್ಸಿಗೆ ಬೆಳವಣಿಗೆ ಹಿಂದುಳಿದವರು ಜಾಸ್ತಿ ಕಂಡರು. 7ನೇ ವಯಸ್ಸಲ್ಲಿ ಬುದ್ಧಿಮತ್ತೆಯ ಪರೀಕ್ಷೆಯಲ್ಲೂ ಅಂಕ ಕಡಿಮೆ ಬಂತು.

ಕಾರಣ ಇಷ್ಟು: ನರದ ಸಂದೇಶ ಮುಗಿದ ಮೇಲೆ ಅದನ್ನು ಅಳಿಸೋ ಕಿಣ್ವವನ್ನು ಈ ವಿಷ ತಡೆಯುತ್ತೆ. ಜಿರಳೆ ಸಾಯೋದು ಹಾಗೇ. ತಾಯಿಯ ರಕ್ತದಿಂದ ಮಗುವಿಗೂ ಇದು ದಾಟುತ್ತೆ. ಇದನ್ನು ಒಡೆದು ಹೊರಹಾಕೋ ಶಕ್ತಿ ಎಳೆಗೂಸಿಗೆ ದೊಡ್ಡವರಷ್ಟು ಇರಲ್ಲ.

ಒಂದು ಸಲ ಹೊಡೆಸಿದ್ದೀರಾ? ಗಾಬರಿ ಬೇಡ. ಇದು ನೂರಾರು ಮಕ್ಕಳ ಸರಾಸರಿಯಲ್ಲಿ ಕಂಡ ವ್ಯತ್ಯಾಸ, ಒಂದು ಮಗುವಿನ ಭವಿಷ್ಯ ಅಲ್ಲ. ಅಮೆರಿಕ ಮನೆಬಳಕೆ ನಿಲ್ಲಿಸಿದ ಮೇಲೆ, 2001ರಿಂದ ಹುಟ್ಟಿದ ಮಕ್ಕಳ ರಕ್ತದಲ್ಲಿ ಪ್ರಮಾಣ ಇಳೀತು ಕೂಡ.

ನಮ್ಮ ದೇಶದಲ್ಲಿ ಗೆದ್ದಲಿಗೆ ಇದನ್ನು ಬಳಸೋದು ಸಾಮಾನ್ಯ. ಹಾಗಾಗಿ ಬುಕ್ ಮಾಡೋವಾಗಲೇ ಔಷಧದ ಹೆಸರು ಕೇಳಿ. ಜಿರಳೆಗೆ ಸ್ಪ್ರೇ ಬದಲು ಜೆಲ್ ಹಾಕಿಸಿ. ಗೆದ್ದಲಿನ ಕೆಲಸ ತಡೆಯಲ್ಲ ಅಂದ್ರೆ ಗರ್ಭಿಣಿ ಕೆಲವು ದಿನ ಬೇರೆ ಕಡೆ ಇರಲಿ. ಅವರು ಬರೋ ಮುಂಚೆ ಕಿಟಕಿ ತೆಗೆದು, ನೆಲ ಒರೆಸೋ ಕೆಲಸ ನೀವು ಮಾಡಿ. ಸೊಸೈಟಿಯವರು ಹೊಡೆಸೋ ದಿನಾಂಕವನ್ನೂ ಮೊದಲೇ ಕೇಳಿಟ್ಟುಕೊಳ್ಳಿ.